ನಲವತ್ತೆರಡು ವರ್ಷದ ‘ಹೊಸಬ’

ನಮ್ಮ ಸಭೆ ಸಮಾರಂಭಗಳಲ್ಲಿ ಈಚೀಚೆಗೆ ಒಂದು ಬಗೆಯ ಕಥೆಗೆ ಬಹಳ ಗಿರಾಕಿ ಹೆಚ್ಚಿದೆ. ಪರದೇಶದ ಯಾರೋ ಒಬ್ಬ ಮನುಷ್ಯ, ಅವನಿಗೆ ಕಷ್ಟ, ಅವನಲ್ಲಿ ಛಲ, ಕಡೆಗೆ ಅವನಿಗೆ ಜಯ. ಕಷ್ಟ ಎಲ್ಲಿಂದ ಬಂತು, ಯಾರು ತಂದರು ಎಂದು ಕೇಳುವ ಪದ್ಧತಿಯಿಲ್ಲ. ಅದು ಮಳೆ ಬಿಸಿಲಿನ ಹಾಗೆ ತಾನಾಗಿಯೇ ಬಂದದ್ದು. ಛಲವೊಂದನ್ನು ಮಾತ್ರ ಹಿಂಡಿ ತೆಗೆದು, ಸಕ್ಕರೆ ಸೇರಿಸಿ, ಗುಳಿಗೆ ಕಟ್ಟಿ ಹುಡುಗರ ಬಾಯಿಗೆ ಹಾಕುತ್ತಾರೆ. ಕೆಲವು ತಿಂಗಳ ಹಿಂದೆ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅತಿಥಿಗಳೊಬ್ಬರು ಇಂಥದೊಂದು ಗುಳಿಗೆ ಹಂಚಿದರು. ಅಮೆರಿಕದ ಸ್ಯಾಚೆಲ್ ಪೇಜ್ ಎಂಬ ಬೇಸ್‌ಬಾಲ್ ಆಟಗಾರ ನಲವತ್ತೆರಡನೆಯ ವಯಸ್ಸಿನಲ್ಲಿ ಹೊಸಬನಾಗಿ ದೊಡ್ಡ ಲೀಗನ್ನು ಸೇರಿದನಂತೆ, ಐವತ್ತೊಂಬತ್ತರಲ್ಲಿಯೂ ಚೆಂಡೆಸೆದನಂತೆ, ಆದ್ದರಿಂದ, ಮಕ್ಕಳೆ, ಸಾಧನೆಗೆ ವಯಸ್ಸು ಅಡ್ಡಿಯಲ್ಲ! ಹುಡುಗರು ಚಪ್ಪಾಳೆ ತಟ್ಟಿದರು. ಅತಿಥಿಗಳ ಮಾತಿಗೆ ಅಲ್ಲಿಯೇ ಎದ್ದು ಉತ್ತರ ಹೇಳುವುದು ಸಭಾಮರ್ಯಾದೆಯಲ್ಲ. ಪತ್ರಿಕೆಯಲ್ಲಿ ಹೇಳುವುದಕ್ಕೆ ಅಂಥ ಅಡ್ಡಿಯಿಲ್ಲವಷ್ಟೆ.

ಅವರು ಹೇಳಿದ ಎರಡು ಸಂಗತಿಗಳೂ ನಿಜ. ಅವುಗಳಿಂದ ಹೊರಡಿಸಿದ ತಾತ್ಪರ್ಯ ಮಾತ್ರ ಸುಳ್ಳು. ಬರಿಯ ಸುಳ್ಳೂ ಅಲ್ಲ, ಅಪರಾಧಿಯನ್ನು ಹಿಂಬಾಗಿಲಿನಿಂದ ಪಾರುಮಾಡುವ ಸುಳ್ಳು. ಪೇಜನಿಗೆ ವಯಸ್ಸು ಅಡ್ಡಿಯಾಗಲಿಲ್ಲ, ಒಪ್ಪಿದೆ. ಅಡ್ಡಿಯಾದದ್ದು ಅವನ ಮೈಬಣ್ಣ. ಆ ಒಂದು ಮಾತನ್ನು ಬಿಟ್ಟು ಅವನ ಕಥೆ ಹೇಳುವುದು, ಸೆರೆಮನೆಯ ಹೆಸರೆತ್ತದೆ ಕೈದಿಯ ತಾಳ್ಮೆಯನ್ನು ಹೊಗಳಿದಂತೆ.

ನಾನು ಕನ್ನಡ ಪಾಠ ಹೇಳುವವನು, ಆಟಗಳ ಪಂಡಿತನಲ್ಲ. ಆದರೆ ಇಲ್ಲಿ ಮೋಸ ನಡೆದಿರುವುದು ಒಂದು ಪದದಲ್ಲಿ, ಪದ ನನ್ನ ಕಸುಬಿಗೆ ಸೇರಿದ್ದು. ‘ಹೊಸಬ’ ಎಂದರೆ ಯಾರು? ಕೆಲಸಕ್ಕೆ ಈಗತಾನೆ ಕೈಯಿಟ್ಟವನು, ಅನುಭವವಿಲ್ಲದವನು, ಹಳಬರಿಂದ ಕಲಿತುಕೊಳ್ಳಬೇಕಾದವನು. ಅಮೆರಿಕದವರು ‘ರೂಕಿ’ ಎನ್ನುವುದೂ ಇಂಥವನನ್ನೇ. ಸ್ಯಾಚೆಲ್ ಪೇಜ್ ಹಣ ಪಡೆದು ವೃತ್ತಿಯಾಗಿ ಚೆಂಡೆಸೆಯಲು ತೊಡಗಿದ್ದು 1926ರಲ್ಲಿ, ಟೆನೆಸ್ಸೀ ರಾಜ್ಯದ ಚಾಟನೂಗದ ತಂಡವೊಂದರಲ್ಲಿ. ಅವನನ್ನು ಹೊಸಬನೆಂದು ಕರೆದದ್ದು 1948ರಲ್ಲಿ. ನಡುವೆ ಇಪ್ಪತ್ತೆರಡು ವರ್ಷ. ಇಪ್ಪತ್ತೆರಡು ವರ್ಷ ದೇವಸ್ಥಾನದ ಹೊರಜಗುಲಿಯಲ್ಲಿ ನಿಲ್ಲಿಸಿ ಹಾಡಿಸಿ, ಆಮೇಲೆ ಒಂದು ದಿನ ಒಳಗೆ ಕರೆದು, ‘ಈತ ಇಂದಿನಿಂದ ಹಾಡಲು ಕಲಿಯುತ್ತಾನೆ’ ಎಂದು ಪರಿಚಯ ಮಾಡಿಕೊಟ್ಟರೆ ನಾವು ಅದನ್ನು ಏನೆಂದು ಕರೆಯುತ್ತೇವೆ?

ಬೇಸ್‌ಬಾಲಿನ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು ಹೇಳಬೇಕು; ಇಲ್ಲವಾದರೆ ಈ ಕಳವಿನ ಬೆಲೆ ತಿಳಿಯುವುದಿಲ್ಲ. ನಮ್ಮ ಕ್ರಿಕೆಟ್ಟಿನ ಬೌಲರನಿಗೆ ಸಮಾನನಾದವನು ಅಲ್ಲಿ ಪಿಚರ್, ಎಸೆಗಾರ ಎನ್ನೋಣ. ಅವನಿಗೆ ಓಡಿಬರುವ ಸೌಕರ್ಯವಿಲ್ಲ. ದಿಣ್ಣೆಯ ಮೇಲೆ ನಿಂತಲ್ಲಿಂದಲೇ, ಅರುವತ್ತು ಅಡಿ ಆರು ಅಂಗುಲ ದೂರದಲ್ಲಿರುವ ದಾಂಡಿಗನತ್ತ, ನೆಲಕ್ಕೆ ಪುಟಿಸದೆ, ತೋಳನ್ನು ಚಾಟಿಯಂತೆ ಬೀಸಿ ಎಸೆಯಬೇಕು. ನಮ್ಮ ಬೌಲರು ಆರು ಎಸೆತವಾದ ಮೇಲೆ ಚೆಂಡನ್ನು ಇನ್ನೊಬ್ಬನಿಗೆ ಕೊಟ್ಟು ಬೇಲಿಯ ಬಳಿ ಹೋಗಿ ನಿಂತಾನು. ಪೇಜನ ಕಾಲದ ಒಳ್ಳೆಯ ಎಸೆಗಾರ ಒಂಬತ್ತು ಸರದಿಗಳನ್ನೂ ತಾನೊಬ್ಬನೇ ಎಸೆದು ಮುಗಿಸುತ್ತಿದ್ದ. ಹಾಗೆ ಎಸೆದ ತೋಳಿಗೆ ಮೂರು ನಾಲ್ಕು ದಿನ ಬಿಡುವು ಕೊಡುವುದು ವಾಡಿಕೆ. ಏಕೆಂದರೆ ಮನುಷ್ಯನ ಭುಜ ಮೊಣಕೈಗಳನ್ನು ಈ ಕೆಲಸಕ್ಕಾಗಿ ಮಾಡಿದಂತೆ ಕಾಣುವುದಿಲ್ಲ. ಸ್ಯಾಂಡಿ ಕೂಫ್ಯಾಕ್ಸ್ ಎಂಬ ಮಹಾ ಎಸೆಗಾರ 1966ರಲ್ಲಿ ಇಪ್ಪತ್ತೇಳು ಪಂದ್ಯ ಗೆದ್ದು, ಅದೇ ವರ್ಷ ಮೊಣಕೈಯ ಸಂಧಿವಾತಕ್ಕೆ ಸೋತು, ಮೂವತ್ತನೆಯ ವಯಸ್ಸಿಗೇ ಆಟ ಬಿಟ್ಟ. ಕವಿಗೆ, ಸಂಗೀತಗಾರನಿಗೆ ತಡವಾದರೂ ಮಾಗುವ ಅವಕಾಶವುಂಟು. ಎಸೆಗಾರನ ತೋಳು ಉರಿಯುವ ಬತ್ತಿ. ನಿನ್ನೆ ಉರಿದ ಎಣ್ಣೆ ಇಂದಿಗೆ ಸಿಕ್ಕದು. ಆದ್ದರಿಂದ ಉಳಿದವರಿಂದ ಇಪ್ಪತ್ತು ವರ್ಷ ಕದ್ದರೆ ಒಂದು ಪಾಪ, ಎಸೆಗಾರನಿಂದ ಕದ್ದರೆ ಇಡೀ ಬಾಳುವೆಯನ್ನೇ ಕದ್ದಂತೆ. ಪೇಜನ ತೋಳಿನಲ್ಲಿ ನಲವತ್ತೆರಡಕ್ಕೂ ಎಣ್ಣೆ ಉಳಿದಿತ್ತೆಂಬುದು ಕದ್ದವರ ಪುಣ್ಯ, ಅವರ ಉದಾರತೆಯಲ್ಲ.

ಅವನು ಹುಟ್ಟಿದ್ದು 1906ರ ಜುಲೈ 7ರಂದು, ಅಲಬಾಮಾ ರಾಜ್ಯದ ಮೊಬೀಲ್ ಪಟ್ಟಣದಲ್ಲಿ. ತಂದೆ ತೋಟದ ಮಾಲಿ. ತಾಯಿ ಪರರ ಬಟ್ಟೆ ಒಗೆಯುವವಳು. ಹುಡುಗ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಕೈಚೀಲ ಹೊತ್ತು ಕಾಸು ಸಂಪಾದಿಸುತ್ತಿದ್ದ. ಕೈಚೀಲಕ್ಕೆ ಅವರು ಹೇಳುವ ಹೆಸರೇ ಇವನಿಗೂ ಅಂಟಿತು. ಲೀರಾಯ್ ಹೋಗಿ ಸ್ಯಾಚೆಲ್ ಆದ. 1918ರಲ್ಲಿ, ಹನ್ನೆರಡು ವರ್ಷದ ಬಾಲಕನನ್ನು, ಶಾಲೆ ತಪ್ಪಿಸಿದ್ದಕ್ಕೂ ಅಂಗಡಿಯಲ್ಲಿ ಚಿಲ್ಲರೆ ಆಟಿಕೆ ಕದ್ದದ್ದಕ್ಕೂ ಮೌಂಟ್ ಮೈಗ್ಸ್ ಎಂಬಲ್ಲಿದ್ದ ಕಪ್ಪು ಮಕ್ಕಳ ಸುಧಾರಣಾ ಶಾಲೆಗೆ ಕಳಿಸಿದರು. ಅಲ್ಲಿಂದ ಹೊರಬಂದದ್ದು 1923ರ ಕೊನೆಯಲ್ಲಿ. ಆಟಿಕೆಗೆ ಐದು ವರ್ಷದ ಮೇಲೆ! ಅಲ್ಲಿಯೇ ಅವನು ಎಸೆಯುವ ವಿದ್ಯೆಯನ್ನು ಕ್ರಮವಾಗಿ ಕಲಿತ. ಛಲದ ಕಥೆಗಾರರು ಇದನ್ನೂ ಶುಭಲಕ್ಷಣವೆಂದೇ ಹೇಳುತ್ತಾರೆ.

ಇನ್ನು ಆ ಗೋಡೆಯ ವಿಚಾರ. ದೊಡ್ಡ ಲೀಗುಗಳಲ್ಲಿ ಕಪ್ಪುಜನ ಆಡಕೂಡದೆಂದು ಎಲ್ಲಿಯೂ ಬರೆದಿರಲಿಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಮನುಷ್ಯ ಟೊಲೀಡೊ ತಂಡದಲ್ಲಿ ಆಡಿದ್ದುಂಟು. ಆಮೇಲೆ ಒಡೆಯರೊಳಗೆ ಒಂದು ತಿಳಿವಳಿಕೆ ಬೆಳೆಯಿತು. ಅದಕ್ಕೆ ‘ಸಭ್ಯರ ಒಪ್ಪಂದ’ ಎಂದು ಹೆಸರು. ಹೆಸರನ್ನು ಗಮನಿಸಿ! 1920ರಿಂದ 1944ರವರೆಗೆ ಆಟದ ಸರ್ವಾಧಿಕಾರಿಯಂತಿದ್ದ ಕಮಿಷನರ್ ಲ್ಯಾಂಡಿಸ್, ಮೊದಲು ನ್ಯಾಯಾಧೀಶನಾಗಿದ್ದವನು, ಅಂಥ ನಿಯಮವೇ ಇಲ್ಲವೆಂದು 1942ರಲ್ಲಿ ಬಹಿರಂಗವಾಗಿ ಸಾರಿದ. ಇಲ್ಲದ ನಿಯಮವನ್ನು ರದ್ದುಮಾಡಿರೆಂದು ಯಾರು ಯಾರನ್ನು ಕೇಳಬೇಕು? ಬರೆದಿಡದ ಕಟ್ಟಳೆಯ ಬಲವೆಷ್ಟೆಂಬುದನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊರಗುಳಿದವರು ಸುಮ್ಮನೆ ಕೂರಲಿಲ್ಲ. ರೂಬ್ ಫಾಸ್ಟರ್—ತಾನೂ ಎಸೆಗಾರನಾಗಿದ್ದವನು—1920ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಸಭೆ ಸೇರಿಸಿ ನೀಗ್ರೋ ನ್ಯಾಷನಲ್ ಲೀಗನ್ನು ಕಟ್ಟಿದ. ಪೇಜನ ಯೌವನವೆಲ್ಲ ಕಳೆದದ್ದು ಇಂಥ ಲೀಗುಗಳಲ್ಲಿ: ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಬ್ಯಾರನ್ಸ್, ಪಿಟ್ಸ್‌ಬರ್ಗಿನ ಕ್ರಾಫರ್ಡ್ಸ್, ಕ್ಯಾನ್ಸಸ್ ಸಿಟಿಯ ಮೊನಾರ್ಕ್ಸ್. ಲೀಗಿನ ಪಂದ್ಯಗಳಿಂದಲೇ ಹೊಟ್ಟೆ ತುಂಬುವಂತಿರಲಿಲ್ಲ. ಬಸ್ಸಿನಲ್ಲಿ, ಕಾರಿನಲ್ಲಿ ಊರಿಂದೂರಿಗೆ ಹೋಗಿ ಪ್ರದರ್ಶನ ಪಂದ್ಯವಾಡಬೇಕು. ಪೇಜ್ ಬರುತ್ತಾನೆಂದರೆ ಜನ ಸೇರುತ್ತಿದ್ದರು. ಜನ ಸೇರಿದರೆ ಅವನು ಎಸೆಯಲೇಬೇಕು. ಬಿಳಿಯ ಎಸೆಗಾರನ ತೋಳಿಗೆ ನಾಲ್ಕು ದಿನ ಬಿಡುವು. ಇವನ ತೋಳಿಗೆ ರಾತ್ರಿಯ ಪ್ರಯಾಣವೇ ಬಿಡುವು. ಆಡಿದ ಊರಿನ ಹೋಟೆಲಿನಲ್ಲಿ ಊಟವಿಲ್ಲ, ಮಲಗಲು ಕೋಣೆಯಿಲ್ಲ. ಉತ್ತರ ಡಕೋಟದ ಬಿಸ್ಮಾರ್ಕ್ ಎಂಬ ಊರು ಅವನನ್ನು ದುಡ್ಡು ಕೊಟ್ಟು ಕರೆಸಿಕೊಂಡಿತು. ಮನೆ ಮಾತ್ರ ಕೊಡಲಿಲ್ಲ. ನವವಧುವಿನೊಡನೆ ಸಾಮಾನು ಸಾಗಿಸುವ ರೈಲು ಡಬ್ಬಿಯೊಂದರಲ್ಲಿ ಸಂಸಾರ ಹೂಡಿದ್ದನ್ನು ಅವನು ಬರೆದುಕೊಂಡಿದ್ದಾನೆ.

ಆ ಬಿಸ್ಮಾರ್ಕಿನ ತಂಡದಲ್ಲಿ ಕಪ್ಪು ಬಿಳಿ ಇಬ್ಬರೂ ಕೂಡಿ ಆಡುತ್ತಿದ್ದರೆಂಬುದನ್ನು ವಾಚಕರು ಮರೆಯಬಾರದು. 1935ರಲ್ಲಿ ಕ್ಯಾನ್ಸಸ್‌ನ ವಿಚಿಟಾದಲ್ಲಿ ನಡೆದ ಅಖಿಲ ಅಮೆರಿಕ ಪಂದ್ಯಾವಳಿಗೆ ಈ ಕೂಡುತಂಡ ಹೋಗಿ ಗೆದ್ದುಬಂತು. ಪೇಜ್ ಎಸೆದ ನಾಲ್ಕು ಪಂದ್ಯಗಳಲ್ಲಿ ನಾಲ್ಕನ್ನೂ ಗೆದ್ದ. ಒಟ್ಟು ಅರುವತ್ತು ಮಂದಿ ದಾಂಡಿಗರು ಅವನ ಎಸೆತಕ್ಕೆ ಬರಿಗಾಳಿಗೆ ಬೀಸಿಯೋ, ನೋಡುತ್ತ ನಿಂತೋ ಔಟಾದರು. ಆಕಾಶ ಕಳಚಿ ಬೀಳಲಿಲ್ಲ. ಪ್ರೇಕ್ಷಕರು ದಂಗೆಯೇಳಲಿಲ್ಲ. ದೊಡ್ಡ ಲೀಗಿನವರು ಬಣ್ಣದ ಗೆರೆಯನ್ನು ದಾಟಿದ್ದು ಇದಾದ ಹನ್ನೆರಡು ವರ್ಷಕ್ಕೆ. ‘ಕಾಲ ಪಕ್ವವಾಗಿರಲಿಲ್ಲ’ ಎಂಬ ಹಳೆಯ ಸಮಾಧಾನ ಉಂಟಲ್ಲ, ಅದಕ್ಕೆ ಉತ್ತರ ಬೇಕಾದರೆ ಹಿಮ ಸುರಿಯುವ ಆ ಸಣ್ಣ ಊರಿನಲ್ಲಿದೆ.

‘ಪಾಪ, ಅವನಂಥವನೊಬ್ಬನಿದ್ದಾನೆಂದು ಬಿಳಿಯರಿಗೆ ತಿಳಿದಿರಲಿಲ್ಲ’ ಎನ್ನುವವರಿದ್ದಾರೆ. ಚೆನ್ನಾಗಿ ತಿಳಿದಿತ್ತು! ಲೀಗಿನ ಋತು ಮುಗಿದ ಮೇಲೆ ಬಿಳಿಯ ಮಹಾ ಆಟಗಾರರೇ ಅವನೊಡನೆ ಪ್ರದರ್ಶನ ಪಂದ್ಯ ಆಡುತ್ತಿದ್ದರು; ಎರಡು ಬಣ್ಣದವರು ಎದುರುಬದುರಾದರೆ ಟಿಕೆಟ್ಟು ಚೆನ್ನಾಗಿ ಹೋಗುತ್ತಿತ್ತು. 1934ರಲ್ಲಿ ಸೇಂಟ್ ಲೂಯಿಯ ತಂಡಕ್ಕೆ ಮೂವತ್ತು ಪಂದ್ಯ ಗೆದ್ದುಕೊಟ್ಟ ಡಿಜ್ಜಿ ಡೀನ್ ಆ ವರ್ಷವೇ ಪೇಜನಿಗೆ ಎದುರಾಗಿ ಎಸೆದ. ಬಾಬ್ ಫೆಲರ್ 1946ರಲ್ಲಿ ವಿಮಾನ ಬಾಡಿಗೆಗೆ ಹಿಡಿದು ಪೇಜನ ತಂಡದೊಡನೆ ದೇಶ ಸುತ್ತಿದ. ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಜೋ ಡಿಮ್ಯಾಜಿಯೋನ ಪ್ರಸಂಗ. 1936ರ ಆರಂಭದಲ್ಲಿ, ಈ ಹುಡುಗ ನ್ಯೂಯಾರ್ಕಿನ ಯಾಂಕೀಸ್ ತಂಡವನ್ನು ಸೇರುವ ಮುಂಚೆ, ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಅವನನ್ನು ಪೇಜನ ಎದುರು ನಿಲ್ಲಿಸಿ ಪರೀಕ್ಷಿಸಿದರು. ನಾಲ್ಕು ಸಲದಲ್ಲಿ ಒಂದು ಸಲ ಅವನ ಹೊಡೆತ ಕೂಡಿಬಂತು. ಅಷ್ಟಕ್ಕೇ ಹುಡುಗ ಯೋಗ್ಯನೆಂದು ನ್ಯೂಯಾರ್ಕಿಗೆ ತಂತಿ ಹೋಯಿತು! ಚಿನ್ನ ಪರೀಕ್ಷಿಸುವುದಕ್ಕೆ ಒರೆಗಲ್ಲು ಬೇಕು. ಒರೆಗಲ್ಲಿಗೆ ಮಾತ್ರ ಪೆಟ್ಟಿಗೆಯೊಳಗೆ ಜಾಗವಿಲ್ಲ. ಇದನ್ನು ಅಜ್ಞಾನವೆನ್ನುವುದಾದರೆ ಕನ್ನಡದಲ್ಲಿ ದ್ರೋಹವೆಂಬ ಪದವನ್ನು ನಾವು ಯಾತಕ್ಕೆ ಇಟ್ಟುಕೊಂಡಿದ್ದೇವೆ?

1938ರಲ್ಲಿ, ಮೆಕ್ಸಿಕೋದಲ್ಲಿ ಆಡುತ್ತಿದ್ದಾಗ, ತೋಳು ಕೈಕೊಟ್ಟಿತು. ವೈದ್ಯರು ಇನ್ನು ಎಸೆಯಲಾರೆ ಎಂದರಂತೆ. ವಯಸ್ಸು ಮೂವತ್ತೆರಡು, ಒಂದು ಬಿಳಿಯ ತಂಡದ ಬಾಗಿಲೂ ತೆರೆದಿಲ್ಲ. ಮೊನಾರ್ಕ್ಸ್ ತಂಡದ ಒಡೆಯ ವಿಲ್ಕಿನ್‌ಸನ್ ಅವನನ್ನು ತನ್ನ ಎರಡನೆಯ ದರ್ಜೆಯ ಸಂಚಾರಿ ತಂಡಕ್ಕೆ ಸೇರಿಸಿಕೊಂಡು ಅನ್ನಕ್ಕೆ ದಾರಿ ಮಾಡಿದ. 1939ರಲ್ಲಿ ತೋಳು ಹೇಗೋ ಮರಳಿ ಬಂತು. ಮೊದಲಿನ ವೇಗವಿರಲಿಲ್ಲ, ಆದ್ದರಿಂದ ಬುದ್ಧಿಯಿಂದ ಎಸೆಯುವುದನ್ನು ಕಲಿತ. ಎಸೆಯುವ ನಡುವೆ ಒಂದು ಕ್ಷಣ ತಡೆದು ದಾಂಡಿಗನ ಲೆಕ್ಕ ತಪ್ಪಿಸುವ ‘ತಡೆಯೆಸೆತ’ವನ್ನು ಜನ ಬಾಯಿತೆರೆದು ನೋಡುತ್ತಿದ್ದರು.

ಪ್ರತಿಪಕ್ಷದವರ ಮಾತನ್ನೂ ಕೇಳಬೇಕಷ್ಟೆ. ಪೇಜ್ ಸಂತನಾಗಿರಲಿಲ್ಲ. ಕರಾರು ಮುರಿದು, ಹೆಚ್ಚು ಹಣ ಕೊಟ್ಟವನ ಕಡೆಗೆ ಹಾರುತ್ತಿದ್ದ. 1937ರಲ್ಲಿ ಪಿಟ್ಸ್‌ಬರ್ಗಿನ ಒಡೆಯನಿಗೆ ಕೈಕೊಟ್ಟು ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೋನ ಹೆಸರು ಹೊತ್ತ ತಂಡಕ್ಕೆ ಹೋಗಿ ಆಡಿದ. ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಮೈದಾನದಲ್ಲಿ ಕಾಲೆಳೆಯುತ್ತ ನಡೆದು ನಗಿಸುತ್ತಿದ್ದ. ಹಲವು ಬಿಳಿಯ ಆಟಗಾರರಿಗಿಂತ ಹೆಚ್ಚಾಗಿಯೇ ಸಂಪಾದಿಸಿದ. ‘ಇಂಥವನಿಗೆ ಯಾವ ಅನ್ಯಾಯವಾಯಿತು ಸ್ವಾಮಿ?’ ಎಂದು ಕೇಳುತ್ತಾರೆ. ಅನ್ಯಾಯಕ್ಕೆ ಗುರಿಯಾದವನು ಬಡವನೂ ಸಾಧುವೂ ಆಗಿದ್ದರೆ ಮಾತ್ರ ಅದು ಅನ್ಯಾಯವೆನ್ನುವ ನ್ಯಾಯಶಾಸ್ತ್ರ ನನಗೆ ಗೊತ್ತಿಲ್ಲ. ಕರಾರು ಮುರಿದನೆಂದು ದೂರುವವರು, ಯಾವ ಕರಾರಿಗೂ ಯೋಗ್ಯನಲ್ಲವೆಂದು ಅವನನ್ನು ಹೊರಗಿಟ್ಟ ಹದಿನಾರು ತಂಡಗಳ ಒಡೆಯರನ್ನೇಕೆ ದೂರುವುದಿಲ್ಲ? ಅವನು ನಗಿಸಿದ್ದೂ ಹಾಗೆಯೇ. ಮೂರು ಎಸೆತಕ್ಕೆ ನಿಮ್ಮ ಊರಿನ ವೀರನನ್ನು ಔಟು ಮಾಡುವ ಕಪ್ಪು ಮನುಷ್ಯ, ಆ ಊರಿನಿಂದ ಸಂಜೆ ಸುಖವಾಗಿ ಹೊರಡಬೇಕಾದರೆ, ಒಂದಿಷ್ಟು ನಗಿಸಿ ಹೊರಡುವುದು ಒಳ್ಳೆಯದಾಗಿದ್ದ ಕಾಲ ಅದು.

ಅವನ ವಯಸ್ಸಿನ ವಿಚಾರದಲ್ಲಿ ಹುಟ್ಟಿದ ತಮಾಷೆಗಳಿಗೆ ಲೆಕ್ಕವಿಲ್ಲ. ಜನ್ಮದಿನ ಬರೆದಿಟ್ಟಿದ್ದ ಕಾಗದವನ್ನು ಮೇಕೆ ತಿಂದುಬಿಟ್ಟಿತೆಂದು ಅವನೇ ಹೇಳುತ್ತಿದ್ದ. ಪತ್ರಿಕೆಯವರು ಹುಡುಕಿದರು, ಪಂಥ ಕಟ್ಟಿದರು, ವ್ಯಂಗ್ಯಚಿತ್ರ ಬರೆದರು. ನನಗೆ ತೋರುವಂತೆ, ಈ ತಮಾಷೆ ಎಲ್ಲರಿಗೂ ಅನುಕೂಲವಾಗಿತ್ತು. ‘ಇವನಿಗೆ ವಯಸ್ಸೆಷ್ಟು?’ ಎಂದು ದೇಶವೆಲ್ಲ ಕೇಳುತ್ತಿರುವವರೆಗೆ ‘ಇವನು ಇಷ್ಟು ತಡವಾಗಿ ಏಕೆ ಬಂದ?’ ಎಂದು ಯಾರೂ ಕೇಳಬೇಕಾಗಿರಲಿಲ್ಲ. ನಮ್ಮ ಅತಿಥಿಗಳು ಹಂಚಿದ ಗುಳಿಗೆ ಈ ತಮಾಷೆಯ ಮೊಮ್ಮಗ.

1945ರಲ್ಲಿ ಮೊನಾರ್ಕ್ಸ್ ತಂಡಕ್ಕೆ ಜ್ಯಾಕಿ ರಾಬಿನ್‌ಸನ್ ಎಂಬ ಹೊಸ ಹುಡುಗ ಬಂದ. ಅವನು ನಿಜವಾಗಿಯೂ ಹೊಸಬ. ಬ್ರುಕ್ಲಿನ್ನಿನ ಬ್ರ್ಯಾಂಚ್ ರಿಕಿ ಅವನನ್ನು ಆರಿಸಿ ಕರೆದೊಯ್ದ. ಮೊನಾರ್ಕ್ಸಿಗೆ ಬಿಡಿಗಾಸಿನ ಪರಿಹಾರವೂ ಸಿಕ್ಕಲಿಲ್ಲ. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ದೊಡ್ಡ ಲೀಗಿನ ಮೈದಾನಕ್ಕೆ ಇಳಿದ. ಆ ಹುಡುಗನ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಎರಡು ದಶಕ ಆ ಬಾಗಿಲನ್ನು ತೋಳಿನಿಂದ ಬಡಿದವನು ಮೊದಲು ಒಳಗೆ ಹೋಗಲಿಲ್ಲ. ಆ ನೋವನ್ನು ಪೇಜ್ 1962ರ ತನ್ನ ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ.

ಕ್ಲೀವ್‌ಲೆಂಡಿನ ಒಡೆಯ ಬಿಲ್ ವೀಕ್ 1948ರ ಜುಲೈ 7ರಂದು, ಸರಿಯಾಗಿ ನಲವತ್ತೆರಡನೆಯ ಹುಟ್ಟುಹಬ್ಬದ ದಿನ, ಪೇಜನಿಂದ ರುಜು ಹಾಕಿಸಿಕೊಂಡ. ಅದಕ್ಕೂ ಮುಂಚೆ ಪರೀಕ್ಷೆ! ತಂಡದ ನಾಯಕ ಬೂಡ್ರೋ ತಾನೇ ದಾಂಡು ಹಿಡಿದು ನಿಂತು ನೋಡಿದ ಮೇಲೆ ‘ಆಗಬಹುದು’ ಎಂದಾಯಿತು. ‘ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆಯ ಸ್ಪಿಂಕ್ ಮಹಾಶಯ, ಇಂಥ ವಯಸ್ಸಿನವನನ್ನು ಸೇರಿಸಿಕೊಳ್ಳುವುದು ಆಟದ ಮಟ್ಟವನ್ನು ಇಳಿಸಿದಂತೆ ಎಂದು ಬರೆದ. ಪೇಜ್ ಬಿಳಿಯನಾಗಿದ್ದರೆ ವೀಕ್ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲವೆಂದೂ ಸೇರಿಸಿದ. ಸತ್ಯವಾದ ಮಾತು! ಬಿಳಿಯನಾಗಿದ್ದರೆ ಅವನು ಇಪ್ಪತ್ತನೆಯ ವಯಸ್ಸಿನಲ್ಲಿ ಬಂದು, ಮುನ್ನೂರು ಪಂದ್ಯ ಗೆದ್ದು, 1948ರ ಹೊತ್ತಿಗೆ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ.

ಆಮೇಲೆ ನಡೆದದ್ದು ಅಂಕಿಗಳಲ್ಲಿಯೇ ಇದೆ. ಆಗಸ್ಟ್ ತಿಂಗಳಿನಲ್ಲಿ ಅವನು ಆರಂಭದ ಎಸೆಗಾರನಾಗಿ ನಿಂತ ಮೂರು ಪಂದ್ಯಗಳಿಗೆ—3ರಂದು ಕ್ಲೀವ್‌ಲೆಂಡಿನಲ್ಲಿ 72,434, 13ರಂದು ಷಿಕಾಗೋದಲ್ಲಿ 51,013, 20ರಂದು ಮತ್ತೆ ಕ್ಲೀವ್‌ಲೆಂಡಿನಲ್ಲಿ 78,382—ಎರಡು ಲಕ್ಷಕ್ಕೂ ಮೀರಿ ಜನ ಬಂದರು. ಕೊನೆಯ ಎರಡರಲ್ಲಿ ಎದುರಾಳಿಗಳಿಗೆ ಒಂದು ಓಟವನ್ನೂ ಕೊಡಲಿಲ್ಲ. ಅರ್ಧ ಋತುವಿನಲ್ಲಿ ಆರು ಗೆಲುವು, ಒಂದೇ ಸೋಲು. ಆ ವರ್ಷ ಕ್ಲೀವ್‌ಲೆಂಡ್ ತನ್ನ ಲೀಗನ್ನು ಗೆದ್ದು ‘ವರ್ಲ್ಡ್ ಸೀರೀಸ್’ನ್ನೂ ಗೆದ್ದಿತು. ಅದರಲ್ಲಿ ಪೇಜನಿಗೆ ಸಿಕ್ಕಿದ್ದು ಇಬ್ಬರನ್ನು ಔಟು ಮಾಡುವಷ್ಟು ಹೊತ್ತು ಮಾತ್ರ. ಇನ್ನೊಂದು ಮಾತು: ಅಮೆರಿಕನ್ ಲೀಗಿನ ಅಧ್ಯಕ್ಷ ಹ್ಯಾರಿಜ್, ಪೇಜನ ಆ ತಡೆಯೆಸೆತ ಇನ್ನು ನಿಯಮಭಂಗವೆಂದು ಅಪ್ಪಣೆ ಹೊರಡಿಸಿದ. ಇಪ್ಪತ್ತೆರಡು ವರ್ಷ ಮನುಷ್ಯನನ್ನೇ ಹೊರಗಿಟ್ಟಿದ್ದರು. ಮನುಷ್ಯ ಒಳಗೆ ಬಂದಮೇಲೆ ಅವನ ವಿದ್ಯೆಯನ್ನು ಹೊರಗಿಟ್ಟರು.

ಅದೇ 1948ರ ಕೊನೆಗೆ ನೀಗ್ರೋ ನ್ಯಾಷನಲ್ ಲೀಗು ಮುಚ್ಚಿತು. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಬಿಳಿಯ ತಂಡಗಳು ಎತ್ತಿಕೊಂಡವು. ಪ್ರೇಕ್ಷಕರು ಅವರ ಹಿಂದೆ ಹೋದರು. ಕಪ್ಪುಜನ ಕಟ್ಟಿ ನಡೆಸಿದ್ದ ಮನೆ ಖಾಲಿಯಾಯಿತು. ಎತ್ತಿಕೊಳ್ಳುವುದಾದರೂ ಎಷ್ಟು ನಿಧಾನ! ಬಾಸ್ಟನ್ನಿನ ರೆಡ್ ಸಾಕ್ಸ್ ತಂಡ ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1959ರಲ್ಲಿ. 1965ರ ಸೆಪ್ಟೆಂಬರ್ 25ರಂದು ಕ್ಯಾನ್ಸಸ್ ಸಿಟಿಯ ಒಡೆಯ ಫಿನ್‌ಲಿ, ಐವತ್ತೊಂಬತ್ತರ ಪೇಜನನ್ನು ತೂಗುಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ದಾದಿಯೊಬ್ಬಳನ್ನು ನಿಲ್ಲಿಸಿ ಪ್ರದರ್ಶನಕ್ಕಿಟ್ಟ. ಮುದುಕ ಎದ್ದು ಹೋಗಿ ಅದೇ ರೆಡ್ ಸಾಕ್ಸ್ ತಂಡಕ್ಕೆ ಮೂರು ಸರದಿ ಎಸೆದ. ಯಸ್ಟ್ರೆಮ್‌ಸ್ಕಿ ಒಬ್ಬನಿಗೆ ಒಂದು ಹೊಡೆತ ಸಿಕ್ಕಿತು. ಓಟ ಯಾರಿಗೂ ಸಿಕ್ಕಲಿಲ್ಲ. ವೇದಿಕೆಯ ಮೇಲೆ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಕಥೆಗೆ ಇನ್ನೂ ಒಂದು ಅಧ್ಯಾಯವಿದೆ. ಸಂಬಳ ಸೇವೆಗಳ ಲೆಕ್ಕ ಬಲ್ಲ ನಮ್ಮಂಥವರಿಗೆ ಅದು ಬೇಗ ಅರ್ಥವಾಗುತ್ತದೆ.

ದೊಡ್ಡ ಲೀಗಿನ ಆಟಗಾರರಿಗೆ ನಿವೃತ್ತಿವೇತನವುಂಟು. ಆಗಿನ ನಿಯಮದಂತೆ ಐದು ವರ್ಷದ ಸೇವೆಯಾಗಿರಬೇಕು. ಅರುವತ್ತು ದಾಟಿದ ಪೇಜನ ಸೇವೆಯನ್ನು ಕೂಡಿ ನೋಡಿದರು. 158 ದಿನ ಕಡಮೆ ಬಂತು! ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕ್ಯಾನ್ಸಸ್ ಸಿಟಿಗಳಲ್ಲಿ ಎಸೆದ ವರ್ಷಗಳು ಸೇವೆಯೇ ಅಲ್ಲ. ಒಳಗೆ ಬಿಡದೆ ಇದ್ದ ಕಾಲವನ್ನು, ಒಳಗಿರಲಿಲ್ಲವೆಂಬ ಕಾರಣಕ್ಕೆ, ಅವನ ಲೆಕ್ಕದಿಂದಲೇ ಕಳೆದರು. ಸೇವಾಪುಸ್ತಕದಲ್ಲಿ ಒಂದು ದಿನದ ಕೊರತೆ ಬಿದ್ದರೆ ಗುಮಾಸ್ತರ ಮೇಜಿನಿಂದ ಮೇಜಿಗೆ ಅಲೆದವರನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಆ ಅಲೆತ ಜಗತ್ತಿನ ಅತಿ ಶ್ರೇಷ್ಠ ಎಸೆಗಾರನ ಪಾಲಿಗೆ ಬಂತು. ಕಡೆಗೆ 1968ರಲ್ಲಿ ಅಟ್ಲಾಂಟಾದ ತಂಡ, ಸಲಹೆಗಾರನೆಂದೋ ತರಬೇತಿಗಾರನೆಂದೋ ಹೆಸರು ಕೊಟ್ಟು, ಆ ದಿನಗಳು ತುಂಬುವಂತೆ ಅವನನ್ನು ಪಟ್ಟಿಗೆ ಸೇರಿಸಿಕೊಂಡಿತು. ಆ ತಂಡದವರಿಗೆ ಪುಣ್ಯ ಬರಲಿ. ಆದರೆ ಅದನ್ನು ಔದಾರ್ಯವೆಂದು ಬರೆದ ಪತ್ರಿಕೆಗಳಿಗೆ ಏನು ಹೇಳೋಣ? ಸಾಲಗಾರ ತನ್ನ ಸಾಲದ ಒಂದು ಬಿಲ್ಲೆಯನ್ನು ದಾನವೆಂದು ಕೊಟ್ಟ, ಅಷ್ಟೆ.

ಮುಂದಿನ ವರ್ಷ, 1969ರಲ್ಲಿ, ದಾಖಲೆಗಳ ವಿಶೇಷ ಸಮಿತಿಯೊಂದು ಕೂತು, ಚರಿತ್ರೆಯಲ್ಲಿ ಯಾವ ಯಾವ ಲೀಗುಗಳು ‘ದೊಡ್ಡ’ವೆಂದು ತೀರ್ಮಾನಿಸಿತು. ಒಂದೆರಡು ವರ್ಷ ನಡೆದು ನಿಂತುಹೋದ ಬಿಳಿಯ ಲೀಗುಗಳಿಗೂ ಆ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಕಪ್ಪುಜನರ ಒಂದು ಲೀಗಿಗೂ ಸಿಕ್ಕಲಿಲ್ಲ. 1971ರಲ್ಲಿ ಕೂಪರ್ಸ್‌ಟೌನಿನ ಕೀರ್ತಿಭವನಕ್ಕೆ ಪೇಜನ ಹೆಸರು ಬಂದಾಗ, ನೀಗ್ರೋ ಲೀಗಿನವರಿಗೆ ಬೇರೊಂದು ವಿಭಾಗ ಮಾಡುವುದೆಂದು ಮೊದಲು ಪ್ರಕಟಿಸಿದರು. ಕೀರ್ತಿಯಲ್ಲಿಯೂ ಬೇರೆ ಪಂಕ್ತಿ! ಜನ ಉಗಿದ ಮೇಲೆ ಅದನ್ನು ಕೈಬಿಟ್ಟು, ಆಗಸ್ಟಿನಲ್ಲಿ ಎಲ್ಲರ ಸಾಲಿನಲ್ಲಿಯೇ ಸೇರಿಸಿದರು. ಬಿಳಿಯರಲ್ಲಿ ಒಬ್ಬ ಟೆಡ್ ವಿಲಿಯಮ್ಸ್ ಮಾತ್ರ, 1966ರಲ್ಲಿ ತನ್ನ ಸನ್ಮಾನದ ವೇದಿಕೆಯಿಂದಲೇ, ಪೇಜ್ ಮತ್ತು ಜಾಶ್ ಗಿಬ್ಸನ್ ಇಲ್ಲಿರಬೇಕಾಗಿತ್ತು ಎಂದು ಹೇಳಿ ಮಾನ ಉಳಿಸಿದ್ದ.

ಪೇಜ್ 1982ರ ಜೂನ್ 8ರಂದು ತೀರಿಕೊಂಡ. ಆಗ ಅಧಿಕೃತ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇದ್ದ ಗೆಲುವು 28; ಸೋಲು 31. ಈ ಪುಸ್ತಕವೊಂದನ್ನೇ ನಂಬಿದವನಿಗೆ ಅವನು ಗೆದ್ದದ್ದಕ್ಕಿಂತ ಹೆಚ್ಚು ಸೋತ ಸಾಧಾರಣ ಎಸೆಗಾರ. 2020ರ ಡಿಸೆಂಬರಿನಲ್ಲಿ ಆಟದ ಅಧಿಕಾರಿಗಳು, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳು ದೊಡ್ಡ ಲೀಗುಗಳೇ ಎಂದು ಒಪ್ಪಿಕೊಂಡರು. 2024ರ ಮೇ ತಿಂಗಳಲ್ಲಿ ಅವುಗಳ ಅಂಕಿಗಳನ್ನು ಪುಸ್ತಕಕ್ಕೆ ಸೇರಿಸಿದರು. ಬಹುಕಾಲದಿಂದ ಟೈ ಕಾಬನದಾಗಿದ್ದ ದಾಂಡಿನ ಸರಾಸರಿಯ ಮೊದಲ ಸ್ಥಾನ ಜಾಶ್ ಗಿಬ್ಸನ್ನನಿಗೆ ಹೋಯಿತು. ಪೇಜನ ಗೆಲುವು 28 ಇದ್ದದ್ದು 125 ಆಯಿತು.

ಸಂತೋಷವೇ. ಕೆಲವರು ಗೊಣಗಿದರು: ಋತುವಿಗೆ ಅರುವತ್ತು ಎಪ್ಪತ್ತು ಪಂದ್ಯ ಆಡಿದವರ ಅಂಕಿಯನ್ನು ನೂರೈವತ್ತು ಪಂದ್ಯ ಆಡಿದವರ ಜೊತೆಗಿಡುವುದು ಶಾಸ್ತ್ರೀಯವಲ್ಲವಂತೆ. ಕಪ್ಪುಜನರ ಅರ್ಧದಷ್ಟು ಮಂದಿಯೊಡನೆಯೂ ಎಂದೂ ಆಡದೆ ಸೇರಿಸಿಟ್ಟ ಬಿಳಿಯರ ಅಂಕಿಗಳು ಮಾತ್ರ ಶಾಸ್ತ್ರೀಯವಾಗಿದ್ದವೆ ಎಂದು ನಾನು ಕೇಳುತ್ತೇನೆ. ಆದರೆ ನನ್ನ ಜಗಳ ಈ ಗೊಣಗುವವರೊಡನೆ ಅಷ್ಟಲ್ಲ. 125 ಎಂದು ಬರೆದು ಕೈತೊಳೆದುಕೊಂಡವರೊಡನೆ. ಸಿಕ್ಕಿರುವುದು ಆ ಲೀಗುಗಳ ಪಂದ್ಯಗಳಲ್ಲಿ ನೂರಕ್ಕೆ ಎಪ್ಪತ್ತೆರಡರಷ್ಟರ ಲೆಕ್ಕ ಎಂದು ಅದನ್ನು ಕಲೆಹಾಕಿದ ಸಮಿತಿಯ ಅಧ್ಯಕ್ಷ ಜಾನ್ ಥಾರ್ನ್ ಅಂದಾಜು ಮಾಡಿದ. ಅದೂ ಲೀಗಿನ ಪಂದ್ಯಗಳದು ಮಾತ್ರ. ಪೇಜ್ ತಾನು ಎರಡೂವರೆ ಸಾವಿರ ಪಂದ್ಯಗಳಲ್ಲಿ ಎಸೆದು ಎರಡು ಸಾವಿರದಷ್ಟು ಗೆದ್ದೆನೆಂದು ಹೇಳಿಕೊಳ್ಳುತ್ತಿದ್ದ; ಅದರಲ್ಲಿ ಬಡಾಯಿ ಎಷ್ಟೋ ಇರಲಿ. ಡಿಜ್ಜಿ ಡೀನನ ಎದುರು ಎಸೆದದ್ದು ಈ 125ರಲ್ಲಿಲ್ಲ. ಫೆಲರನೊಡನೆ ದೇಶ ಸುತ್ತಿದ್ದು ಇಲ್ಲ. ಡಿಮ್ಯಾಜಿಯೋನಿಗೆ ಯೋಗ್ಯತಾಪತ್ರ ಕೊಟ್ಟ ಓಕ್ಲೆಂಡಿನ ಆ ಪಂದ್ಯವಿಲ್ಲ. ರೈಲು ಡಬ್ಬಿಯಲ್ಲಿ ಮಲಗಿ ಎದ್ದು ಹೋಗಿ ಎಸೆದ ಬಿಸ್ಮಾರ್ಕಿನ 1935ನೆಯ ವರ್ಷವೂ, ವಿಚಿಟಾದ ಆ ಅರುವತ್ತು ಮಂದಿಯೂ ಅದರಲ್ಲಿಲ್ಲ. ಆ ಊರಿನ ತಂಡ ಯಾವ ಲೀಗಿಗೂ ಸೇರಿದ್ದಲ್ಲ.